ಖಗೋಳ ಸುದ್ದಿ ಹಂಚುವ ಮುನ್ನ ಒಂದು ಲೆಕ್ಕ: ನಮ್ಮ ಬಳಗದ ಪದ್ಧತಿ

ವಿದ್ಯಾರ್ಥಿಗಳೂ ಶಿಕ್ಷಕರೂ ಸೇರಿ ನಡೆಸುವ ನಮ್ಮ ಖಗೋಳ ಬಳಗದಲ್ಲಿ ಸುದ್ದಿ ಹಂಚಿಕೊಳ್ಳಲು ಒಂದೇ ಷರತ್ತು: ಸುದ್ದಿಯ ಜೊತೆ ಒಂದು ಲೆಕ್ಕವೂ ಬರಬೇಕು. ಎಂಟನೇ ತರಗತಿಯ ಹುಡುಗಿ ತಂದರೂ ಅಷ್ಟೇ, ಭೌತಶಾಸ್ತ್ರದ ಮೇಷ್ಟ್ರು ತಂದರೂ ಅಷ್ಟೇ. "ಇವತ್ತು ರಾತ್ರಿ ಅಪರೂಪದ ದೃಶ್ಯ, ತಪ್ಪದೇ ನೋಡಿ" ಎಂಬ ಸಂದೇಶವನ್ನು ಬಂದ ಹಾಗೆಯೇ ಮುಂದಕ್ಕೆ ದಾಟಿಸುವಂತಿಲ್ಲ. ಎಷ್ಟು ದೂರ, ಎಷ್ಟು ದೊಡ್ಡದು, ಎಷ್ಟು ಹೊಳಪು, ಎಷ್ಟು ಹೊತ್ತಿಗೆ, ಈ ನಾಲ್ಕರಲ್ಲಿ ಒಂದನ್ನಾದರೂ ಅಂಕಿಯಲ್ಲಿ ಬಿಡಿಸಿ ತೋರಿಸಬೇಕು. ಗಾಳಿಸುದ್ದಿ ಇಲ್ಲೇ ಉದುರಿಹೋಗುತ್ತದೆ. ನಿಜ ಸುದ್ದಿಗೆ ಇಲ್ಲಿ ತೂಕ ಬರುತ್ತದೆ.

ಬರೆಯುವುದು ಎ4 ಹಾಳೆಯ ಅರ್ಧದಷ್ಟು ಚೀಟಿಯಲ್ಲಿ. ಹೆಚ್ಚು ಜಾಗ ಕೊಟ್ಟರೆ "ಅದ್ಭುತ", "ರೋಮಾಂಚಕ" ಎಂಬ ಮಾತುಗಳೇ ತುಂಬಿಕೊಳ್ಳುತ್ತವೆ. ಏನು ಕಾಣುತ್ತದೆ, ಯಾವ ದಿಕ್ಕಿಗೆ ಎಷ್ಟು ಎತ್ತರದಲ್ಲಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಬರಿಗಣ್ಣು ಸಾಕೋ ಬೈನಾಕ್ಯುಲರ್ ಬೇಕೋ, ಮೂಲ ಯಾವುದು, ಈ ಚೀಟಿ ಯಾವತ್ತು ಹಳತಾಗುತ್ತದೆ. ಇಷ್ಟೇ ಸಾಲು. ಕೊನೆಯದನ್ನು ಬರೆಯಲು ಎಲ್ಲರೂ ಮರೆಯುತ್ತಾರೆ. ನನ್ನ ಕೇಳಿದರೆ ಅದೇ ಮುಖ್ಯ. ಯಾಕೆಂದರೆ ಖಗೋಳದ ಅತಿ ದೀರ್ಘಾಯುಷಿ ಸುಳ್ಳು ಹುಟ್ಟಿದ್ದೇ ಆ ಸಾಲು ಇಲ್ಲದ್ದರಿಂದ.

2003ರ ಆಗಸ್ಟ್ 27ರಂದು ಮಂಗಳ ಗ್ರಹ ಭೂಮಿಗೆ 5.576 ಕೋಟಿ ಕಿ.ಮೀ.ಯಷ್ಟು ಹತ್ತಿರ ಬಂದಿತ್ತು. ಸುಮಾರು 60,000 ವರ್ಷಗಳಲ್ಲಿ ಅಷ್ಟು ಹತ್ತಿರ ಬಂದಿರಲಿಲ್ಲ, ಅದು ನಿಜ. 75 ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ನೋಡಿದರೆ ಮಂಗಳ, ಬರಿಗಣ್ಣಿಗೆ ಕಾಣುವ ಹುಣ್ಣಿಮೆ ಚಂದ್ರನಷ್ಟು ಕಾಣುತ್ತದೆ ಎಂಬ ಮಾತೂ ಸರಿಯೇ. ಕೈಯಿಂದ ಕೈಗೆ ದಾಟುವಾಗ ಆ ವಾಕ್ಯದಿಂದ ದೂರದರ್ಶಕ ಬಿದ್ದುಹೋಯಿತು, ದಿನಾಂಕದಿಂದ ವರ್ಷ ಬಿದ್ದುಹೋಯಿತು. ಆಮೇಲೆ ಎಷ್ಟೋ ಆಗಸ್ಟ್ ತಿಂಗಳಲ್ಲಿ "ಆಕಾಶದಲ್ಲಿ ಎರಡು ಚಂದ್ರ" ಮತ್ತೆ ಮತ್ತೆ ಹುಟ್ಟಿತು. ಇದನ್ನು ಬಗೆಹರಿಸುವ ಸೂತ್ರ ಒಂದೇ ಸಾಲಿನದು: ವಸ್ತುವಿನ ವ್ಯಾಸವನ್ನು ದೂರದಿಂದ ಭಾಗಿಸಿ 2,06,265ರಿಂದ ಗುಣಿಸಿದರೆ ಅದು ಆಕಾಶದಲ್ಲಿ ಎಷ್ಟು ಆರ್ಕ್ ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗ) ಅಗಲ ಕಾಣುತ್ತದೆ ಎಂದು ಸಿಗುತ್ತದೆ. ಮಂಗಳದ ವ್ಯಾಸ 6,792 ಕಿ.ಮೀ.; ಆ ದಿನದ ಉತ್ತರ 25. ಚಂದ್ರನ ವ್ಯಾಸ 3,475 ಕಿ.ಮೀ., ಸರಾಸರಿ ದೂರ 3,84,400 ಕಿ.ಮೀ.; ಉತ್ತರ ಸುಮಾರು 1,865. ಅಂದರೆ ಚಂದ್ರನ 74ನೇ ಒಂದು ಭಾಗ. ಈ ಒಂದು ಸೂತ್ರ ಕೈಯಲ್ಲಿದ್ದರೆ "ಸೂಪರ್‌ಮೂನ್" ಸುದ್ದಿಯೂ ತಣ್ಣಗಾಗುತ್ತದೆ: ಅತಿ ಹತ್ತಿರದ ಚಂದ್ರ ಸುಮಾರು 3,56,500 ಕಿ.ಮೀ., ಅತಿ ದೂರದ್ದು 4,06,700 ಕಿ.ಮೀ., ವ್ಯತ್ಯಾಸ ನೂರಕ್ಕೆ ಹದಿನಾಲ್ಕು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ಆಗದ್ದರಿಂದ ಕಣ್ಣಿಗೆ ಅದು ಗೊತ್ತಾಗುವುದು ಕಷ್ಟ.

ಅಂಕಿ ಎತ್ತಿಕೊಳ್ಳುವಾಗಲೇ ಆಗುವ ಎಡವಟ್ಟು ಇನ್ನೊಂದಿದೆ. ಒಂದು ಮಿಲಿಯನ್ ಎಂದರೆ 10 ಲಕ್ಷ, ಒಂದು ಬಿಲಿಯನ್ ಎಂದರೆ 100 ಕೋಟಿ. ಇದರಲ್ಲಿ ಒಂದು ಸೊನ್ನೆ ಜಾರಿದರೆ ದೂರದ ಬಂಡೆ ಹತ್ತು ಪಟ್ಟು ಹತ್ತಿರ ಬಂದುಬಿಡುತ್ತದೆ. ಮೈಲಿಯನ್ನು 1.609ರಿಂದ ಗುಣಿಸದೆ ಕಿ.ಮೀ. ಎಂದು ಬರೆಯುವುದೂ ಆಗಾಗ ಕಾಣುತ್ತದೆ. ಅದಕ್ಕೇ ಚೀಟಿಯಲ್ಲಿ ಮೂಲದ ಅಂಕಿ ಮತ್ತು ಬದಲಿಸಿದ ಅಂಕಿ ಎರಡೂ ಇರಬೇಕು.

ಎತ್ತರವನ್ನು ಡಿಗ್ರಿಯಲ್ಲಿ ಬರೆದು ಜೊತೆಗೆ ಮುಷ್ಟಿಯಲ್ಲೂ ಹೇಳುತ್ತೇವೆ. ಕೈ ಪೂರ್ತಿ ಚಾಚಿದಾಗ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ಮಕ್ಕಳ ಕೈ ಚಿಕ್ಕದಾದರೂ ತೋಳೂ ಗಿಡ್ಡ, ಹಾಗಾಗಿ ಅನುಪಾತ ಹೆಚ್ಚು ಕೆಡುವುದಿಲ್ಲ. ಮೊಣಕೈ ಮಡಚಿ ಅಳೆದರೆ ಮಾತ್ರ ಎಲ್ಲವೂ ಹಾಳು. ಎತ್ತರ ತಿಳಿಯಲು ಸ್ಟೆಲ್ಲೇರಿಯಂ ಎಂಬ ಉಚಿತ ತಂತ್ರಾಂಶ ಸಾಕು, ಆದರೆ ತೆರೆದ ಕೂಡಲೇ ಸ್ಥಳ ಮತ್ತು ಕಾಲವಲಯ ಸರಿಯಿದೆಯೇ ನೋಡಿಕೊಳ್ಳಬೇಕು. ಬೇರೆ ಊರಿನ ಅಕ್ಷಾಂಶ ಉಳಿದುಕೊಂಡಿದ್ದರೆ ಎಲ್ಲ ಎತ್ತರಗಳೂ ತಪ್ಪುತ್ತವೆ. 10 ಡಿಗ್ರಿಗಿಂತ ಕೆಳಗಿರುವುದನ್ನು ನಾವು "ಕಾಣುತ್ತದೆ" ಎಂದು ಬರೆಯುವುದಿಲ್ಲ. ಆ ಎತ್ತರದ ಬೆಳಕು ನೆತ್ತಿಯ ಮೇಲಿನದಕ್ಕಿಂತ ಐದೂವರೆ ಪಟ್ಟು ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ಮನೆ, ಮರ, ದೂಳು ಬೇರೆ. "ಏಳು ಗ್ರಹಗಳ ಮೆರವಣಿಗೆ" ಸುದ್ದಿ ಬಂದಾಗ ಈ ಒಂದು ನಿಯಮ ಬುಧನನ್ನೋ ಶನಿಯನ್ನೋ ಪಟ್ಟಿಯಿಂದ ತೆಗೆದುಹಾಕುವುದುಂಟು. ಕಾಂತಿಮಾನ ಎಂದರೆ ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಸುಕು. ಯುರೇನಸ್ಸಿನ ಕಾಂತಿಮಾನ 5.7ರ ಆಸುಪಾಸು, ನೆಪ್ಚೂನಿನದು 7.8. ಮೊದಲನೆಯದು ಬರಿಗಣ್ಣಿನ ಅಂಚಿನಲ್ಲಿದೆ, ಎರಡನೆಯದು ಅದರಾಚೆ. ಗ್ರಹಗಳೆಲ್ಲ ಒಂದೇ ಗೆರೆಗುಂಟ ಕಾಣುವುದರಲ್ಲಿ ವಿಶೇಷವೇನಿಲ್ಲ, ಅವು ಯಾವಾಗಲೂ ಕ್ರಾಂತಿವೃತ್ತದ, ಅಂದರೆ ಆಕಾಶದಲ್ಲಿ ಸೂರ್ಯ ಸಾಗುವ ಹಾದಿಯ, ಆಸುಪಾಸಿನಲ್ಲೇ ಓಡಾಡುತ್ತವೆ. ಒಟ್ಟಾಗಿ ಎಳೆದು ಭೂಕಂಪ ತರುತ್ತವೆಯೇ ಎಂದು ಕೇಳುವವರಿಗೂ ಲೆಕ್ಕವಿದೆ: ಉಬ್ಬರದ ಸೆಳೆತ ದ್ರವ್ಯರಾಶಿಗೆ ನೇರವಾಗಿ, ದೂರದ ಘನಕ್ಕೆ ವಿಲೋಮವಾಗಿ ಬದಲಾಗುತ್ತದೆ. ಶುಕ್ರನ ದ್ರವ್ಯರಾಶಿ ಚಂದ್ರನ 66 ಪಟ್ಟು. ಅತಿ ಹತ್ತಿರ ಬಂದಾಗ, ಅಂದರೆ ಸುಮಾರು 4.1 ಕೋಟಿ ಕಿ.ಮೀ.ಯಲ್ಲಿದ್ದಾಗ, ಅದು ಚಂದ್ರನಿಗಿಂತ 107 ಪಟ್ಟು ದೂರ. 66ನ್ನು 107ರ ಘನದಿಂದ ಭಾಗಿಸಿದರೆ ಚಂದ್ರನ ಸೆಳೆತದ ಸುಮಾರು 18,500ರಲ್ಲಿ ಒಂದು ಪಾಲು.

ಸಮಯದ ವಿಷಯದಲ್ಲಿ ಒಂದೇ ಎಚ್ಚರಿಕೆ. ಮೂಲಗಳು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಬರೆಯುತ್ತವೆ. ಸ್ಥಳೀಯ ಸಮಯಕ್ಕೆ ತಂದಾಗ ಮಧ್ಯರಾತ್ರಿ ದಾಟಿ ದಿನಾಂಕವೇ ಬದಲಾಗಬಹುದು. "12ರ ರಾತ್ರಿ" ಎಂದು ಬರೆದರೆ ಅರ್ಧ ಜನ ಒಂದು ದಿನ ಮೊದಲೇ ಎದ್ದು ಕೂರುತ್ತಾರೆ. "12ರ ಸಂಜೆಯಿಂದ 13ರ ಬೆಳಗಿನ ಜಾವದವರೆಗೆ" ಎಂದೇ ಬರೆಯಬೇಕು.

ಉಲ್ಕಾವರ್ಷದ ಸುದ್ದಿ ಜನರನ್ನು ನಿರಾಶೆಗೊಳಿಸುವಷ್ಟು ಬೇರೆ ಯಾವುದೂ ಇಲ್ಲ. "ಗಂಟೆಗೆ 100 ಉಲ್ಕೆ" ಎಂದು ಪರ್ಸಿಯಿಡ್ ಉಲ್ಕಾವರ್ಷದ ಬಗ್ಗೆ ಹೇಳುವ ಅಂಕಿ, ಉಲ್ಕೆಗಳು ಹೊಮ್ಮುವಂತೆ ಕಾಣುವ ಬಿಂದು ನೆತ್ತಿಯ ಮೇಲಿದ್ದು, 6.5 ಕಾಂತಿಮಾನದ ನಕ್ಷತ್ರವೂ ಕಾಣುವಷ್ಟು ಕತ್ತಲಿದ್ದಾಗಿನ ಅಂಕಿ. ನಮ್ಮ ಆಕಾಶಕ್ಕೆ ಅದನ್ನು ಇಳಿಸುವುದು ಹೀಗೆ. ಆ ಬಿಂದುವಿನ ಎತ್ತರದ ಸೈನ್ ಬೆಲೆಯಿಂದ ಗುಣಿಸಿ: ಎತ್ತರ 30 ಡಿಗ್ರಿ ಇದ್ದರೆ 0.5, ಹಾಗಾಗಿ 100 ಇದ್ದದ್ದು 50 ಆಯಿತು. ಓರೆಯಾಗಿ ಬರುವ ಕಣಗಳ ಧಾರೆ ಹೆಚ್ಚು ವಿಸ್ತಾರದ ಮೇಲೆ ಹರಡುವುದೇ ಇದಕ್ಕೆ ಕಾರಣ. ಆಮೇಲೆ ಪರಿಚಿತ ನಕ್ಷತ್ರಪುಂಜವೊಂದರಲ್ಲಿ ಕಾಣುವ ಅತಿ ಮಸುಕಾದ ನಕ್ಷತ್ರ ಯಾವುದೆಂದು ನೋಡಿ, ಅದರ ಕಾಂತಿಮಾನವನ್ನು ನಕ್ಷೆಯಲ್ಲಿ ಹುಡುಕಿ. ಅದು 4.5 ಆಗಿದ್ದರೆ 6.5ಕ್ಕಿಂತ ಎರಡು ಮೆಟ್ಟಿಲು ಕಡಿಮೆ. ಪರ್ಸಿಯಿಡ್‌ಗಳಿಗೆ ಪ್ರತಿ ಮೆಟ್ಟಿಲಿಗೆ 2.2ರಿಂದ ಭಾಗಿಸಬೇಕು, ಎರಡು ಸಲ ಭಾಗಿಸಿದರೆ 50 ಇದ್ದದ್ದು ಸುಮಾರು 10. ಗಂಟೆಗೆ ಹತ್ತು, ಸರಾಸರಿ ಆರು ನಿಮಿಷಕ್ಕೊಂದು, ಅದೂ ಸಮನಾಗಿ ಬರುವುದಿಲ್ಲ: ಎರಡು ಒಟ್ಟಿಗೆ ಬಂದು ಆಮೇಲೆ ಕಾಲು ಗಂಟೆ ಏನೂ ಇಲ್ಲ. ಚೀಟಿಯಲ್ಲಿ 100 ಅಲ್ಲ, 10 ಎಂದೇ ಹಾಕುತ್ತೇವೆ. ಹತ್ತು ಎಂದು ತಿಳಿದು ಬಂದವರು ಒಂದು ಗಂಟೆ ಅಲ್ಲಾಡದೆ ಮಲಗಿ ನೋಡುತ್ತಾರೆ. ನೂರು ಎಂದು ನಂಬಿ ಬಂದವರು ಹತ್ತೇ ನಿಮಿಷಕ್ಕೆ, ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳುವ ಮೊದಲೇ, ಎದ್ದು ಹೋಗುತ್ತಾರೆ.

ಇನ್ನು ಕ್ಷುದ್ರಗ್ರಹ. "ಭೂಮಿಯತ್ತ ಧಾವಿಸುತ್ತಿದೆ" ಎಂಬ ಸುದ್ದಿ ಬಂದರೆ ಮೊದಲು ದೂರವನ್ನು 3,84,400ರಿಂದ ಭಾಗಿಸಿ, ಚಂದ್ರನ ದೂರದ ಎಷ್ಟು ಪಟ್ಟು ಎಂದು ಬರೆಯಬೇಕು. ಹತ್ತಿಪ್ಪತ್ತು ಪಟ್ಟು ಎಂದು ಬಂದರೆ ಸುದ್ದಿ ಅಲ್ಲಿಗೇ ಮುಗಿಯಿತು. ಗಾತ್ರವನ್ನು ನಂಬುವಾಗಲೂ ಜಾಗ್ರತೆ ಬೇಕು, ಬಹಳಷ್ಟು ಬಂಡೆಗಳಿಗೆ ಅಳೆದ ಗಾತ್ರವೇ ಇರುವುದಿಲ್ಲ. ಹೊಳಪಿನಿಂದ ಊಹಿಸುತ್ತಾರೆ, ಮೇಲ್ಮೈ ಎಷ್ಟು ಬೆಳಕು ಹಿಂತಿರುಗಿಸುತ್ತದೆ ಎಂಬುದು ಗೊತ್ತಿರುವುದಿಲ್ಲ. ನಿರಪೇಕ್ಷ ಕಾಂತಿಮಾನ (ನಿಗದಿತ ದೂರದಲ್ಲಿಟ್ಟು ಲೆಕ್ಕ ಹಾಕಿದ ಹೊಳಪು) 22 ಇರುವ ಬಂಡೆ ನೂರಕ್ಕೆ 25 ಭಾಗ ಬೆಳಕು ಹಿಂತಿರುಗಿಸುವುದಾದರೆ ಸುಮಾರು 105 ಮೀಟರ್, 5 ಭಾಗ ಮಾತ್ರ ಆದರೆ ಸುಮಾರು 240 ಮೀಟರ್. ಹೀಗಾಗಿ ಗಾತ್ರವನ್ನು ಯಾವಾಗಲೂ ಇಷ್ಟರಿಂದ ಇಷ್ಟು ಎಂದೇ ಬರೆಯುತ್ತೇವೆ.

ಮಕ್ಕಳೂ ದೊಡ್ಡವರೂ ಸಮಾನವಾಗಿ ತಬ್ಬಿಬ್ಬಾಗುವುದು ಡಿಕ್ಕಿಯ ಸಂಭಾವ್ಯತೆಯಲ್ಲಿ. 2024ರ ಡಿಸೆಂಬರ್ 27ರಂದು ಪತ್ತೆಯಾದ 2024 ವೈಆರ್4 ಎಂಬ ಬಂಡೆ 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ ಶೇಕಡ 1 ದಾಟಿತು, 2025ರ ಫೆಬ್ರುವರಿ 18ರಂದು 3.1ಕ್ಕೆ ಏರಿತು, ಅದೇ ತಿಂಗಳು ಮುಗಿಯುವ ಮೊದಲು ಸೊನ್ನೆಯ ಹತ್ತಿರ ಬಿತ್ತು. "ವಿಜ್ಞಾನಿಗಳು ಮಾತು ಬದಲಿಸಿದರು" ಎಂದವರಿದ್ದರು. ಯಾರೂ ಮಾತು ಬದಲಿಸಿರಲಿಲ್ಲ, ಅಳತೆ ಬಿಗಿಯಾಗುತ್ತ ಹೋದರೆ ಆಗುವುದೇ ಹಾಗೆ. ತೋರಿಸಲು ಬೇಕಾದ್ದು 200 ಸೆಂ.ಮೀ. ಉದ್ದದ ಕಾಗದದ ಪಟ್ಟಿ, 2 ಸೆಂ.ಮೀ. ಅಗಲದ ವೃತ್ತ, ಕತ್ತರಿ. ಪಟ್ಟಿ ಎಂದರೆ ಆ ದಿನ ಬಂಡೆ ಇರಬಹುದಾದ ಜಾಗವೆಲ್ಲ, ವೃತ್ತ ಎಂದರೆ ಭೂಮಿ. ಎಡತುದಿಯಿಂದ ಸೆಂ.ಮೀ. ಗುರುತು ಹಾಕಿ, ವೃತ್ತವನ್ನು 40ರ ಮೇಲೆ ಅಂಟಿಸಿ. ಒಬ್ಬರು "58" ಎಂದು ಚೀಟಿಯಲ್ಲಿ ಬರೆದು ಯಾರಿಗೂ ಕಾಣದಂತೆ ಮಡಚಿಡಲಿ, ಅದು ಬಂಡೆಯ ನಿಜವಾದ ಜಾಗ. ಈಗ ಸಾಧ್ಯತೆ 200ರಲ್ಲಿ 2, ಶೇಕಡ 1. ಮೊದಲ ವೀಕ್ಷಣೆಯ ನಂತರ 100ರಿಂದಾಚೆಗಿನ ಬಲಭಾಗ ಕತ್ತರಿಸಿ: ಶೇಕಡ 2. ಇನ್ನೊಂದು ವೀಕ್ಷಣೆ, 10ರಿಂದ 74ರವರೆಗಿನ ತುಂಡು ಮಾತ್ರ ಉಳಿಯಲಿ: 64ರಲ್ಲಿ 2, ಶೇಕಡ 3ಕ್ಕಿಂತ ತುಸು ಹೆಚ್ಚು. ಈ ಹೊತ್ತಿಗೆ ತರಗತಿ ಗಂಭೀರವಾಗಿರುತ್ತದೆ. ಮುಂದಿನ ಕತ್ತರಿಗೆ 45ರ ಎಡಕ್ಕಿರುವುದೆಲ್ಲ ಹೋಯಿತು, ಜೊತೆಗೆ ವೃತ್ತವೂ. ಸಾಧ್ಯತೆ ಸೊನ್ನೆ. ಚೀಟಿ ಬಿಚ್ಚಿ ತೋರಿಸಿದರೆ 58 ಮೊದಲಿನಿಂದ ಕೊನೆಯವರೆಗೂ ಪಟ್ಟಿಯೊಳಗೇ ಇತ್ತು. ವೃತ್ತವನ್ನು ಪಟ್ಟಿಯ ನಟ್ಟನಡುವೆ ಅಂಟಿಸಬೇಡಿ, ಆಗ ಭೂಮಿಯೇ ಗುರಿ ಎನ್ನುವ ಭಾವನೆ ಬಂದು ಪಾಠ ಕೆಡುತ್ತದೆ. ನಿಜವಾದ ಪಟ್ಟಿಯಲ್ಲಿ ನಡುವೆ ಸಾಧ್ಯತೆ ಹೆಚ್ಚು, ತುದಿಗಳಲ್ಲಿ ಕಡಿಮೆ ಎಂಬುದನ್ನು ದೊಡ್ಡ ತರಗತಿಯವರಿಗೆ ಸೇರಿಸಿ ಹೇಳಬಹುದು.

2029ರ ಏಪ್ರಿಲ್ 13ರಂದು ಅಪೋಫಿಸ್ ಎಂಬ ಕ್ಷುದ್ರಗ್ರಹ ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗಲಿದೆ, ಸಂವಹನ ಉಪಗ್ರಹಗಳ 35,786 ಕಿ.ಮೀ. ಎತ್ತರಕ್ಕಿಂತ ಒಳಗೆ. ಕೆಲವು ಪ್ರದೇಶಗಳಿಂದ ಬರಿಗಣ್ಣಿಗೂ ಕಾಣುತ್ತದೆ. ಬಡಿಯುವುದಿಲ್ಲ ಎಂಬುದು ಖಚಿತವಾಗಿದೆ. ಇದರ ಚೀಟಿಯನ್ನು ಈಗಲೇ ಸಿದ್ಧ ಮಾಡಿಡುವುದು ಒಳ್ಳೆಯದು, ಗಾಳಿಸುದ್ದಿಗಳಿಗೆ ಆ ತಿಂಗಳು ಸುಗ್ಗಿ.

ಚಿತ್ರಗಳ ಬಗ್ಗೆ ಚುಟುಕಾಗಿ: ಕಲಾವಿದರ ಕಲ್ಪನೆಯ ಚಿತ್ರದ ಕೆಳಗೆ ಹಾಗೆಂದು ಬರೆದಿರುತ್ತದೆ, ಕತ್ತರಿಸಿ ಹಂಚುವಾಗ ಅದೇ ಸಾಲು ಹೋಗುತ್ತದೆ. ಜೇಮ್ಸ್ ವೆಬ್ ದೂರದರ್ಶಕ ಹೆಚ್ಚಾಗಿ ಅವಕೆಂಪು ಬೆಳಕನ್ನು ಹಿಡಿಯುತ್ತದೆ; ಗಿಡ್ಡ ತರಂಗಕ್ಕೆ ನೀಲಿ, ಉದ್ದದ್ದಕ್ಕೆ ಕೆಂಪು ಎಂದು ಬಣ್ಣ ಕೊಡುವುದು ಆಮೇಲೆ. ಚಿತ್ರವನ್ನು ಅದರ ಅಡಿಬರಹದ ಜೊತೆಗಲ್ಲದೆ ನಾವು ಅಂಟಿಸುವುದಿಲ್ಲ.

ನಕ್ಷತ್ರದ ಹೊಳಪಿನ ಸುದ್ದಿ ಬಂದರೆ ನನಗೆ ಖುಷಿ, ಏಕೆಂದರೆ ಅದನ್ನು ಯಾವ ಉಪಕರಣವೂ ಇಲ್ಲದೆ ಪರೀಕ್ಷಿಸಬಹುದು. 2019ರ ಕೊನೆಯಲ್ಲಿ ಆರಿದ್ರಾ ಮಸುಕಾಗುತ್ತಾ ಹೋಗಿ, ಸಾಮಾನ್ಯವಾಗಿ 0.5ರ ಆಸುಪಾಸಿನಲ್ಲಿರುವ ಕಾಂತಿಮಾನ 2020ರ ಫೆಬ್ರುವರಿಯಲ್ಲಿ 1.6ಕ್ಕೆ ಇಳಿಯಿತು. "ಸ್ಫೋಟ ಸನ್ನಿಹಿತ" ಎಂದು ಸುದ್ದಿಯಾಯಿತು. ಕಾರಣ ನಕ್ಷತ್ರವೇ ಹೊರಹಾಕಿದ ಅನಿಲ ತಣಿದು ಉಂಟಾದ ದೂಳು. ಅಂದಾಜು ಮಾಡುವುದು ಹೀಗೆ: 0.9ರ ರೋಹಿಣಿಯನ್ನೂ 1.6ರ ಬೆಲ್ಲಾಟ್ರಿಕ್ಸ್ ಅನ್ನೂ ಎರಡು ತುದಿಯಾಗಿಟ್ಟುಕೊಂಡು, ಆರಿದ್ರಾ ಇವುಗಳ ನಡುವೆ ಎಲ್ಲಿ ನಿಲ್ಲುತ್ತದೆ ನೋಡಿ. ರೋಹಿಣಿಗಿಂತ ಹೊಳೆಯುತ್ತಿದ್ದರೆ 0.1ರ ರೀಗಲ್ ಅನ್ನು ಇನ್ನೊಂದು ತುದಿಯಾಗಿಟ್ಟುಕೊಳ್ಳಿ. ಕೆಂಪು ನಕ್ಷತ್ರವನ್ನು ದಿಟ್ಟಿಸಿ ನೋಡಬಾರದು, ನೋಡುತ್ತಿದ್ದಂತೆ ಕಣ್ಣಿಗೆ ಅದು ಇನ್ನಷ್ಟು ಹೊಳೆಯತೊಡಗುತ್ತದೆ. ಒಂದರಿಂದ ಒಂದಕ್ಕೆ ಕಣ್ಣು ಹಾಯಿಸಿ ತಕ್ಷಣ ಬರೆದುಕೊಳ್ಳಬೇಕು, ಪಕ್ಕದವರನ್ನು ಕೇಳಬಾರದು. ಹೋಲಿಸುವ ನಕ್ಷತ್ರಗಳು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಲಿ. ಒಬ್ಬೊಬ್ಬರ ಅಂದಾಜು 0.2, 0.3ರಷ್ಟು ಹಿಂದೆ ಮುಂದೆ ಇದ್ದರೂ ಎಲ್ಲರದ್ದನ್ನೂ ಸೇರಿಸಿ ಸರಾಸರಿ ತೆಗೆದರೆ ಉಪಯೋಗಕ್ಕೆ ಬರುವ ಅಂಕಿ ಸಿಗುತ್ತದೆ.

ಮುಕ್ತಾಯ ದಿನಾಂಕ ಹಾಕಲು ಬಾರದ ಸುದ್ದಿಯೂ ಇದೆ. ಉತ್ತರ ಕಿರೀಟ ಪುಂಜದ ಟಿ ನಕ್ಷತ್ರ 1866ರಲ್ಲಿ, ಮತ್ತೆ 1946ರಲ್ಲಿ ಭುಗಿಲೆದ್ದಿತ್ತು. ಮೂರನೆಯದು 2024ರ ಸೆಪ್ಟೆಂಬರಿನೊಳಗೆ ಎಂದು ಅಂದಾಜಿಸಿದ್ದರು, ಆಗಲಿಲ್ಲ. "ಈ ವಾರವೇ" ಎಂದು ಬರುವ ಸುದ್ದಿಗಳಿಗೆ ನಾವು ಚೀಟಿ ಬರೆಯುವುದಿಲ್ಲ. ಅದರ ಬದಲು ಉತ್ತರ ಕಿರೀಟದ ನಕ್ಷೆಯೊಂದನ್ನು ಹಲಗೆಯ ಮೂಲೆಯಲ್ಲಿ ಕಾಯಂ ಆಗಿ ಅಂಟಿಸಿದ್ದೇವೆ: ಸ್ವಾತಿಯ ಪೂರ್ವಕ್ಕೆ ಅರ್ಧವೃತ್ತದ ನಕ್ಷತ್ರಗಳು, ಅವುಗಳಲ್ಲಿ ಹೊಳೆಯುವ ಆಲ್ಫೆಕ್ಕಾ 2.2. ಟಿ ಮಾಮೂಲಿಯಾಗಿ 10ರ ಮಸುಕು, ಸಿಡಿದರೆ ಆಲ್ಫೆಕ್ಕಾಗೆ ಸರಿಸಮ. ಬರಿಗಣ್ಣಿಗೆ ಸಿಗುವುದು ಕೆಲವೇ ದಿನ. ಪುಂಜ ಮೇಲಿರುವ ತಿಂಗಳುಗಳಲ್ಲಿ ದಿನಕ್ಕೊಬ್ಬರ ಸರದಿ. ನೋಡಿದವರು ನಕ್ಷೆಯ ಕೆಳಗೆ ದಿನಾಂಕ, ಸಮಯ, ಜೊತೆಗೆ "ಇಲ್ಲ" ಅಥವಾ "ಮೋಡ" ಎಂದು ಬರೆಯುತ್ತಾರೆ. ಮೋಡವಿದ್ದ ದಿನ "ಇಲ್ಲ" ಎಂದು ಬರೆಯುವಂತಿಲ್ಲ.