ತಲಸ್ಸೇಮಿಯಾ ವಾಹಕ ತಪಾಸಣೆ: ಲಾಭ-ಖರ್ಚಿನ ಲೆಕ್ಕ ಹಾಕುವುದು ಹೇಗೆ?

ತಲಸ್ಸೇಮಿಯಾ ಎಂದರೆ ರಕ್ತದಲ್ಲಿ ಹೀಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಹೆತ್ತವರಿಂದ ಬರುವ ಕಾಯಿಲೆ. ಅದರ ತೀವ್ರ ರೂಪವಾದ ತಲಸ್ಸೇಮಿಯಾ ಮೇಜರ್ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಹಾಗೆ ಕೊಟ್ಟ ರಕ್ತದಿಂದ ಮೈಯಲ್ಲಿ ತುಂಬಿಕೊಳ್ಳುವ ಕಬ್ಬಿಣಾಂಶ ಇಳಿಸಲು ಮತ್ತೆ ಔಷಧಿ. ಅಪ್ಪ ಅಮ್ಮ ಇಬ್ಬರೂ ವಾಹಕರಾಗಿದ್ದರೆ (ಅಂದರೆ ದೋಷವಿರುವ ಒಂದು ಜೀನ್ ಹೊತ್ತವರಾಗಿದ್ದರೆ) ಮಾತ್ರ ಮಗುವಿಗೆ ಇದು ಬರುತ್ತದೆ. ಆದರೆ ವಾಹಕರು ಆರೋಗ್ಯವಾಗಿಯೇ ಇರುತ್ತಾರೆ. ಹಾಗಾದರೆ ಆರೋಗ್ಯವಂತರನ್ನೆಲ್ಲ ಪರೀಕ್ಷಿಸುವುದು ದುಡ್ಡಿಗೆ ತಕ್ಕ ಕೆಲಸವೇ? ಹಾಳೆ, ಪೆನ್ನು ತೆಗೆದುಕೊಳ್ಳಿ.

1. ತಲೆ ಎಣಿಸಿ. ಭಾರತದಲ್ಲಿ ನೂರಕ್ಕೆ ಸುಮಾರು 3–4 ಮಂದಿ ವಾಹಕರು ಎಂಬ ಅಂದಾಜಿದೆ. 4 ಎಂದಿಟ್ಟುಕೊಳ್ಳೋಣ. 10,000 ಗರ್ಭಿಣಿಯರಲ್ಲಿ 400 ವಾಹಕರು. ಆ 400 ಮಂದಿಯ ಗಂಡಂದಿರನ್ನು ಪರೀಕ್ಷಿಸಿದರೆ 16 ವಾಹಕರು. ಈ 16 ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಅಪಾಯ. ಅಂದರೆ 4 ಮಕ್ಕಳು. ಸಿಂಧಿಗಳಂಥ ಕೆಲವು ಸಮುದಾಯಗಳಲ್ಲಿ ವಾಹಕರು ಇನ್ನೂ ಹೆಚ್ಚು. ನೂರಕ್ಕೆ 10 ಇದ್ದರೆ ಇದೇ ಲೆಕ್ಕ 25 ಮಕ್ಕಳಿಗೆ ಏರುತ್ತದೆ.

ನಮ್ಮ ಕಡೆ ಸೋದರಮಾವನಿಗೇ ಹೆಣ್ಣು ಕೊಡುವ ರೂಢಿಯಿರುವುದರಿಂದ ಇನ್ನೊಂದು ಸಾಲು ಸೇರಿಸಲೇಬೇಕು. ಸೋದರಮಾವ ವಾಹಕನಾಗಿದ್ದರೆ ಅಕ್ಕನ ಮಗಳೂ ವಾಹಕಳಾಗಿರುವ ಸಾಧ್ಯತೆ ನಾಲ್ಕರಲ್ಲೊಂದು. ಸಂಬಂಧವಿಲ್ಲದ ಹೆಣ್ಣಾದರೆ 25ರಲ್ಲೊಂದು.

2. ಪರೀಕ್ಷೆಯನ್ನು ಮೆಟ್ಟಿಲು ಮಾಡಿ. ಎಲ್ಲರಿಗೂ ಅಗ್ಗದ ಸಿಬಿಸಿ (ರಕ್ತಕಣಗಳ ಎಣಿಕೆಯ ಪರೀಕ್ಷೆ) ಸಾಕು. ಅದರಲ್ಲಿ ಕೆಂಪು ರಕ್ತಕಣದ ಗಾತ್ರ (ಎಂಸಿವಿ) 80ಕ್ಕಿಂತ ಕಡಿಮೆ ಅಥವಾ ಪ್ರತಿ ಕಣದಲ್ಲಿನ ಹೀಮೋಗ್ಲೋಬಿನ್ (ಎಂಸಿಎಚ್) 27ಕ್ಕಿಂತ ಕಡಿಮೆ ಬಂದವರಿಗಷ್ಟೇ ದುಬಾರಿಯಾದ ಎಚ್‌ಪಿಎಲ್‌ಸಿ, ಅಂದರೆ ಹೀಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ. ಕಬ್ಬಿಣಾಂಶದ ಕೊರತೆಯಿಂದಾಗುವ ರಕ್ತಹೀನತೆಯಲ್ಲೂ ಕಣಗಳು ಸಣ್ಣಗಾಗುವುದರಿಂದ ಎರಡನೇ ಮೆಟ್ಟಿಲಿಗೆ 400ಕ್ಕಿಂತ ಬಹಳ ಹೆಚ್ಚು ಹೆಂಗಸರು ಬರುತ್ತಾರೆ. ಬಜೆಟ್ಟಿನಲ್ಲಿ ಇದಕ್ಕೆ ಜಾಗ ಬಿಡಿ.

3. ಮಾತಿಗೂ ಹಣ ಇಡಿ. ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ತಪ್ಪುವುದು ಇಲ್ಲೇ. ವರದಿ ಕೈಗಿಟ್ಟು ಕಳಿಸಿದರೆ ‘ನನಗೆ ಕಾಯಿಲೆಯಿದೆ’ ಎಂದೇ ಹೆಣ್ಣುಮಗಳು ತಿಳಿದುಕೊಳ್ಳುತ್ತಾಳೆ, ಅತ್ತೆಮನೆಯವರು ಅವಳನ್ನೇ ದೂರುತ್ತಾರೆ. ಅಮೆರಿಕದಲ್ಲಿ 1970ರ ದಶಕದ ಮೊದಲಿಗೆ ಹಲವು ರಾಜ್ಯಗಳು ಕಪ್ಪು ಜನರಿಗೆ ಕುಡಗೋಲು ಕಣ (ಸಿಕಲ್ ಸೆಲ್) ಎಂಬ, ಇದೇ ರೀತಿ ವಾಹಕರಿಂದ ಬರುವ ಇನ್ನೊಂದು ರಕ್ತದ ಕಾಯಿಲೆಯ ತಪಾಸಣೆ ಕಡ್ಡಾಯ ಮಾಡಿದವು. ವಾಹಕರನ್ನೇ ರೋಗಿಗಳೆಂದು ಬಗೆದು ಕೆಲಸ, ವಿಮೆ ನಿರಾಕರಿಸಿದ್ದೂ ಆಯಿತು. ಸ್ವಯಂಪ್ರೇರಿತ ತಪಾಸಣೆಗೆ ಮಾತ್ರ ಹಣ ಎಂದು 1972ರ ಕಾಯಿದೆ ಹೇಳಬೇಕಾಯಿತು. ಆದ್ದರಿಂದ ಆಪ್ತ ಸಮಾಲೋಚಕರ ಸಂಬಳ, ಗುಟ್ಟು ಕಾಯುವ ವ್ಯವಸ್ಥೆ ಎರಡೂ ಖರ್ಚಿನ ಕಡೆ ಮೊದಲ ಸಾಲಿನಲ್ಲೇ ಬರಲಿ.

4. ಲಾಭದ ಕಡೆ ಎಚ್ಚರದಿಂದ ಬರೆಯಿರಿ. ಉಳಿತಾಯವಾದ ರಕ್ತದ ಬಾಟಲಿ, ಔಷಧಿಯ ಹಣ ಬರೆಯುವುದು ಸುಲಭ. ಆದರೆ ಈಗಾಗಲೇ ಹುಟ್ಟಿರುವ ಮಕ್ಕಳು ಯಾರ ಲೆಕ್ಕದಲ್ಲೂ ನಷ್ಟವಲ್ಲ. ತಪಾಸಣೆಗೆಂದು ಅವರ ರಕ್ತದ ಹಣಕ್ಕೆ ಕೈ ಹಾಕಬಾರದು. ಆ 16 ದಂಪತಿಗೆ ತಮ್ಮ ತೀರ್ಮಾನ ತಾವೇ ಮಾಡಲು ಸಿಗುವ ಕಾಲವೇ ನಿಜವಾದ ಲಾಭ. ಭ್ರೂಣದ ಪರೀಕ್ಷೆ ಸುಮಾರು 11ನೇ ವಾರದಿಂದ ಸಾಧ್ಯ. ಹೆಂಡತಿಯ ರಕ್ತ ಮೊದಲ ಭೇಟಿಯಲ್ಲೇ, ಗಂಡನದ್ದು ಅದೇ ವಾರದಲ್ಲಿ ಆಗಬೇಕು. ಗಂಡ ಬರದೆ ತಿಂಗಳು ಕಳೆದರೆ ಅದುವರೆಗಿನ ಖರ್ಚೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

5. ಮುಂದಿನ ರೂಪಾಯಿ ಎಲ್ಲಿ ಹಾಕುವುದು? ವಾಹಕರ ಒಡಹುಟ್ಟಿದವರಲ್ಲಿ. ಬೀದಿಯಲ್ಲಿ 25 ಜನರನ್ನು ಪರೀಕ್ಷಿಸಿದರೆ ಒಬ್ಬ ವಾಹಕ ಸಿಗಬಹುದು. ಅಕ್ಕತಂಗಿ, ಅಣ್ಣತಮ್ಮಂದಿರಲ್ಲಾದರೆ ಇಬ್ಬರಲ್ಲೊಬ್ಬರು.