ದ್ರಾಸ್‌ನಲ್ಲಿ ಬೆಟಾಲಿಯನ್ ವೈದ್ಯನಾಗಿ: ನನ್ನ ಅನುಭವ

1999ರ ಕಾರ್ಗಿಲ್ ಕದನದಲ್ಲಿ ದ್ರಾಸ್ ವಲಯದ ಪದಾತಿ ಬೆಟಾಲಿಯನ್ ಒಂದರ ಆರ್‌ಎಂಒ (ರೆಜಿಮೆಂಟಲ್ ಮೆಡಿಕಲ್ ಆಫೀಸರ್) ಆಗಿದ್ದೆ. ಅಂದರೆ ಅಷ್ಟೂ ಜನರಿಗೆ ಒಬ್ಬನೇ ವೈದ್ಯ. ಚಿಕಿತ್ಸಾ ಠಾಣೆಯೆಂದರೆ ಬಂಡೆಯ ಮರೆ, ಒಂದು ಟಾರ್ಪಾಲು, ನರ್ಸಿಂಗ್ ಸಹಾಯಕರು ಬೆನ್ನ ಮೇಲೆ ಹೊತ್ತು ತಂದಷ್ಟು ಸಾಮಗ್ರಿ.

ಹಗಲಿನಲ್ಲಿ ಇಳಿಜಾರಿನ ಮೇಲೆ ಏನು ಅಲುಗಾಡಿದರೂ ಶಿಖರದಲ್ಲಿದ್ದ ಶತ್ರುವಿಗೆ ಕಾಣುತ್ತಿತ್ತು. ಹಾಗಾಗಿ ದಾಳಿಯೂ ರಾತ್ರಿ, ಗಾಯಾಳುಗಳು ಬರುವುದೂ ರಾತ್ರಿ. ದೀಪ ಹಚ್ಚುವಂತಿಲ್ಲ. ಕುತ್ತಿಗೆ, ಕಂಕುಳು, ಬೆನ್ನು, ತೊಡೆಸಂದು ಎಂದು ಬಟ್ಟೆಯೊಳಗೆ ಕೈಯಾಡಿಸಿ, ಬಿಸಿಯೂ ಅಂಟೂ ತಾಗಿದ ಕಡೆ ರಕ್ತವೆಂದು ತಿಳಿಯುತ್ತಿದ್ದೆ. ಷೆಲ್‌ನ ಚೂರು ಹೊಕ್ಕ ರಂಧ್ರ ಬೆರಳ ತುದಿಯಷ್ಟೇ ಇದ್ದರೂ ಒಳಗಿನ ಹಾನಿ ಬೇರೆಯೇ. ಕಂಬಳಿಯೊಳಗೆ ಟಾರ್ಚ್ ಹೊತ್ತಿಸುತ್ತಿದ್ದುದು ಸೂಜಿ ಚುಚ್ಚುವಾಗ ಮಾತ್ರ.

ಚಳಿ ಇನ್ನೊಂದು ವೈರಿ. ಸಲೈನ್ ಹೆಪ್ಪುಗಟ್ಟದಿರಲೆಂದು ಜಾಕೆಟ್ಟಿನೊಳಗೆ ಇಟ್ಟುಕೊಳ್ಳುತ್ತಿದ್ದೆವು. ಮೈ ತಣ್ಣಗಾದರೆ ರಕ್ತಸ್ರಾವ ಬೇಗ ನಿಲ್ಲದು. ಸ್ಲೀಪಿಂಗ್ ಬ್ಯಾಗ್ ಕೂಡ ಔಷಧವೇ. ನೋವು ತಗ್ಗಿಸುವ ಮಾರ್ಫಿನ್ ವಿಷಯದಲ್ಲಂತೂ ನಾನು ಜಿಪುಣ. ತಣ್ಣಗಾದ ಸ್ನಾಯುವಿಗೆ ಚುಚ್ಚಿದ್ದು ಅಲ್ಲೇ ಉಳಿಯುತ್ತದೆ. ನೋವು ಹೋಗಲಿಲ್ಲವೆಂದು ಮತ್ತೆ ಕೊಟ್ಟರೆ, ಮೈ ಬಿಸಿಯಾದಾಗ ಎರಡೂ ಒಟ್ಟಿಗೆ ಏರಿ ಉಸಿರನ್ನೇ ನಿಲ್ಲಿಸಬಹುದು. ಕೊಟ್ಟ ಪ್ರಮಾಣ, ಹೊತ್ತು ಎರಡನ್ನೂ ಗಾಯಾಳುವಿನ ಚೀಟಿಯಲ್ಲಿ ಬರೆಯದೆ ಯಾರನ್ನೂ ಕೆಳಗೆ ಕಳುಹಿಸುತ್ತಿರಲಿಲ್ಲ.

ಧೈರ್ಯದ ಬಗ್ಗೆ ಕೇಳುವವರಿಗೆ ಗುಂಡಿನ ಕಥೆಗಳೇ ಬೇಕು. ಷೆಲ್ ಬಿದ್ದಾಗ ಎಲ್ಲರಂತೆ ನಾನೂ ನೆಲ ಕಚ್ಚಿದವನೇ. ನನಗೆ ಧೈರ್ಯ ಬೇಕಾಗುತ್ತಿದ್ದುದು ಸ್ಟ್ರೆಚರ್ ಯಾರಿಗೆಂದು ಹೇಳುವಾಗ. ಆ ಕಡಿದಾದ ಜಾಗದಲ್ಲಿ ಒಬ್ಬನನ್ನು ಇಳಿಸಲು ನಾಲ್ವರು ಸಾಲುತ್ತಿರಲಿಲ್ಲ, ಅವರು ಹೋದರೆ ಮೇಲಕ್ಕೆ ಮದ್ದುಗುಂಡು ಹೊರುವವರಿಲ್ಲ. ಒಮ್ಮೆ ತಲೆಗೆ ಗುಂಡು ಹೊಕ್ಕು ಉಸಿರಷ್ಟೇ ಉಳಿದಿದ್ದ ಹುಡುಗನನ್ನು ಬದಿಗಿರಿಸಿ, ಹೊಟ್ಟೆಗೆ ಪೆಟ್ಟಾದವನನ್ನು ಮೊದಲು ಕಳುಹಿಸಿದೆ. ಇವನಿಗಾದರೆ ಕೆಳಗೆ ಶಸ್ತ್ರಚಿಕಿತ್ಸಕರು ಮಾಡುವಂಥದ್ದು ಏನಾದರೂ ಇತ್ತು. "ಸಾಹೇಬರೇ, ನಮ್ಮವನು ಮೊದಲು ಬಂದವನಲ್ಲವೇ?" ಎಂದು ಹುಡುಗನ ಜೊತೆಗಾರ ಕೇಳಿದ. "ಹೌದು. ಆದರೂ ಆ ಇನ್ನೊಬ್ಬ ಮೊದಲು ಹೋಗಲಿ," ಎಂದೆ. ಕಾರಣ ವಿವರಿಸಲಿಲ್ಲ, ಹುಡುಗನಿಗೆ ಕೇಳಿಸುತ್ತಿರಬಹುದು.

ಇನ್ನು ಪದಕದ ಮಾತು. ಅದು ಸಲ್ಲಬೇಕಾದದ್ದು ನನಗಲ್ಲ. ದಾಳಿ ಮಾಡುವ ಕಂಪನಿಯ ಜೊತೆ ಮೇಲೆ ಹತ್ತುತ್ತಿದ್ದವರು ನರ್ಸಿಂಗ್ ಸಹಾಯಕರು. ನಾನಿದ್ದದ್ದು ಅವರ ಹಿಂದೆ. ನನ್ನ ಬಳಿಗೆ ತರುವಷ್ಟರಲ್ಲಿ ಗಂಟೆಗಳೇ ಕಳೆದಿರುತ್ತಿದ್ದವು. ಅಷ್ಟು ಹೊತ್ತು ಗಾಯವನ್ನು ಒತ್ತಿ ಹಿಡಿದವರು ಅವರು, ಇಲ್ಲವೇ ಪಕ್ಕದಲ್ಲಿದ್ದ ಜವಾನರು.