ಚಳಿಗೆ ಜಾರಿದ ಪಂಚಮ: ಅನಲಾಗ್ ಸಿಂಥ್ ಜೊತೆ ಬಯಲಲ್ಲಿ ನುಡಿಸಿದ ನನ್ನ ಅನುಭವ

ಡಿಸೆಂಬರ್‌ನಲ್ಲಿ ರಾಜಸ್ಥಾನದ ಶೇಖಾವಾಟಿ ಕಡೆ ಹೋದವರಿಗೆ ಗೊತ್ತಿರುತ್ತೆ, ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ, ರಾತ್ರಿ ಹತ್ತಕ್ಕೆಲ್ಲ ಸ್ವೆಟರ್ ಸಾಲಲ್ಲ. ಅಲ್ಲಿ ಒಂದು ಎಲೆಕ್ಟ್ರಾನಿಕ್ ಮ್ಯೂಸಿಕ್ ಫೆಸ್ಟಿವಲ್‌ನಲ್ಲಿ ನಾನು ಮೊದಲ ಸಲ ಬರೀ ಅನಲಾಗ್ ಸಿಂಥ್, ಅಂದರೆ ವಿದ್ಯುತ್ ಸರ್ಕ್ಯೂಟಿನಿಂದಲೇ ನಾದ ಹುಟ್ಟಿಸೋ ವಾದ್ಯಗಳನ್ನು ಇಟ್ಟುಕೊಂಡು ನುಡಿಸಿದೆ. ಲ್ಯಾಪ್‌ಟಾಪ್ ಇಲ್ಲ. ಮೋಗ್ ಮದರ್-32, ತಾಳಕ್ಕೆ ಡಿಫ್ಯಾಮ್, ಒಂದು ಕೊರ್ಗ್ ಎಂಎಸ್-20 ಮಿನಿ, ಜೊತೆಗೆ ಬಿಡಿ ಬಿಡಿ ಘಟಕಗಳನ್ನು ಸೇರಿಸಿ ನಾನೇ ಜೋಡಿಸಿಕೊಂಡ ಸಣ್ಣ ಮಾಡ್ಯುಲರ್ ಪೆಟ್ಟಿಗೆ.

ಸೌಂಡ್‌ಚೆಕ್ ಮಧ್ಯಾಹ್ನ ಮೂರೂವರೆಗೆ. ಬಿಸಿಲು ನೇರ ಟೇಬಲ್ ಮೇಲೆ ಬೀಳ್ತಿತ್ತು. ನಿಧಾನವಾಗಿ ಶ್ರುತಿ ಮಾಡಿದೆ, ಲೆವೆಲ್ ಕೊಟ್ಟೆ, ಎಲ್ಲ ಆಫ್ ಮಾಡಿ ಮುಚ್ಚಿಟ್ಟೆ. ರಾತ್ರಿ ಹತ್ತೂವರೆಗೆ ಆನ್ ಮಾಡಿ ಸೀದಾ ಶುರು ಮಾಡಿದೆ. ಪೆಟ್ಟಿಗೆಯಲ್ಲಿದ್ದ ಒಂದು ಆಸಿಲೇಟರ್‌ನಲ್ಲಿ (ಸ್ವರ ಹುಟ್ಟಿಸೋ ಘಟಕ) ಸ, ಇನ್ನೊಂದರಲ್ಲಿ ಪ ಹಿಡಿದು, ನಾದವನ್ನು ಮಂದ ಅಥವಾ ಚೂಪು ಮಾಡೋ ಫಿಲ್ಟರನ್ನು ಮೆಲ್ಲಗೆ ತೆರೆದರೆ ಪ ಕೆಳಗೆ ಕೂತಿತ್ತು. ಅಷ್ಟು ದೊಡ್ಡ ಸ್ಪೀಕರ್‌ಗಳಲ್ಲಿ ಅದು ಗುಂಯ್ ಗುಂಯ್ ಅಂತ ಅಲೆ ಹೊಡೀತಿತ್ತು, ಎದೆಗೇ ತಾಗೋ ಹಾಗೆ. ಫಿಲ್ಟರ್ ಮುಚ್ಚಿ, ಡಿಫ್ಯಾಮ್‌ನ ಡ್ರಮ್ ಮುಂದೆ ತಂದು, ಹೆಡ್‌ಫೋನ್ ಹಾಕಿಕೊಂಡು ಮರಗಟ್ಟಿದ ಬೆರಳಲ್ಲೇ ಮತ್ತೆ ಶ್ರುತಿ ಮಾಡಿದೆ. ಐದು ನಿಮಿಷದಲ್ಲಿ ಮತ್ತೆ ಜಾರಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಯಂತ್ರ ಕೆಟ್ಟಿರಲಿಲ್ಲ, ಅದರ ಗುಣವೇ ಹಾಗೆ. ಮಾಡ್ಯುಲರ್‌ನಲ್ಲಿ ಒಂದು ವೋಲ್ಟ್ ಏರಿಸಿದರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗಬೇಕು. ಅಂದರೆ ಒಂದೊಂದು ಸ್ವರಸ್ಥಾನಕ್ಕೆ ಸುಮಾರು 83 ಮಿಲಿವೋಲ್ಟ್ ಅಷ್ಟೇ. ಈ ಲೆಕ್ಕ ನಡೆಸೋದು ಒಳಗಿನ ಒಂದು ಜೋಡಿ ಟ್ರಾನ್ಸಿಸ್ಟರ್. ಟ್ರಾನ್ಸಿಸ್ಟರ್ ಬಿಸಿಯಾದರೆ ಒಂದು ಥರ, ತಣ್ಣಗಾದರೆ ಇನ್ನೊಂದು ಥರ ನಡೆದುಕೊಳ್ಳುತ್ತೆ. ಅದನ್ನು ಸರಿದೂಗಿಸೋಕೆ ಶಾಖಕ್ಕೆ ತಕ್ಕಂತೆ ಬದಲಾಗುವ ರೆಸಿಸ್ಟರ್ ಹಾಕಿರುತ್ತಾರೆ, ಆದರೆ ಅದೂ ಪೂರ್ತಿ ಹಿಡಿಯಲ್ಲ. ನನ್ನ ಸ 110 ಹರ್ಟ್ಜ್ (ಸೆಕೆಂಡಿಗೆ 110 ಕಂಪನ) ಇದ್ದರೆ ಪ 165 ಇರಬೇಕು. ಅದು ಎರಡೇ ಹರ್ಟ್ಜ್ ಇಳಿದರೂ ಸೆಕೆಂಡಿಗೆ ನಾಲ್ಕು ಸಲ ಅಲೆ ಕೇಳುತ್ತೆ, ಯಾಕಂದರೆ ಒಂದಕ್ಕೊಂದು ತಾಗೋದು ಸ-ದ ಮೂರು ಪಟ್ಟು (330) ಮತ್ತು ಪ-ದ ಎರಡು ಪಟ್ಟು (326).

ಊರಿಗೆ ಬಂದು ಇದನ್ನು ನಮ್ಮ ಅತ್ತೆಗೆ ಹೇಳಿದೆ. ಅವರು ವೀಣೆ ಕಲಿಸುತ್ತಾರೆ. ಪೂರ್ತಿ ಕೇಳಿಸಿಕೊಂಡು, "ಹೋದ ತಕ್ಷಣ ಯಾಕೆ ಶ್ರುತಿ ಮಾಡ್ದೆ? ತಂಬೂರಿನ ಗವಸು ತೆಗೆದು ಮೊದಲು ಸುಮ್ನೆ ಇಡ್ಬೇಕು ಕಣೋ, ಅಲ್ಲಿನ ಗಾಳಿ ಅದಕ್ಕೆ ಒಗ್ಗಬೇಕು" ಅಂದರು. ನನಗೆ ಬೇಕಿದ್ದ ಉತ್ತರ ಅದೇ.

ಈಗ ಎಲ್ಲಿ ನುಡಿಸಿದರೂ ಸ್ಟೇಜ್‌ಗೆ ಹೋಗೋ ಮುಂಚೆ ಕಡಿಮೆ ಅಂದರೂ ಒಂದು ಗಂಟೆ ಪೆಟ್ಟಿಗೆ ಆನ್ ಆಗಿರಬೇಕು, ಅದೂ ನುಡಿಸೋ ಜಾಗದ ಗಾಳಿಯಲ್ಲೇ. ಅದಕ್ಕೆ ಅಂತ ಹತ್ತು ಮೀಟರ್‌ನ ಎಕ್ಸ್‌ಟೆನ್ಶನ್ ಬೋರ್ಡ್ ನಾನೇ ಒಯ್ಯುತ್ತೇನೆ, ಫೆಸ್ಟಿವಲ್‌ನವರಿಗೆ ಒಂದು ವಾರ ಮೊದಲೇ ಬರೆದು ಸ್ಟೇಜ್ ಪಕ್ಕ ಒಂದು ಪಾಯಿಂಟ್ ಕೇಳಿಕೊಳ್ಳುತ್ತೇನೆ. ಮೇಲೆ ಒಂದು ದಪ್ಪ ಟವೆಲ್ ಹೊದಿಸಿರುತ್ತೇನೆ, ಧೂಳಿಗೂ ಆಯ್ತು, ಚಳಿಗಾಳಿಗೂ ಆಯ್ತು. ಮುಟ್ಟಿ ನೋಡಿದಾಗ ಪ್ಯಾನೆಲ್ ಉಗುರುಬೆಚ್ಚಗೆ ಇದ್ದರೆ ಆಮೇಲೆ ಶ್ರುತಿ.

ಟ್ಯೂನರ್ ನೋಡಿ ಹತ್ತಿರಕ್ಕೆ ತಂದು, ಕೊನೆಯ ಕೂದಲೆಳೆಯಷ್ಟನ್ನು ಕಿವಿಯಲ್ಲೇ ಮಾಡುತ್ತೇನೆ. ಟ್ಯೂನರ್ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡೋ ಲೆಕ್ಕದಲ್ಲಿ ನಡೆಯೋದರಿಂದ ಪಂಚಮವನ್ನು 165ರ ಬದಲು 164.8ಕ್ಕೆ ನಿಲ್ಲಿಸುತ್ತೆ. ಅಲ್ಲಿ ಸುಮಾರು ಮೂರು ಸೆಕೆಂಡಿಗೆ ಒಂದು ನಿಧಾನದ ಅಲೆ ಉಳಿದಿರುತ್ತೆ. ಗುಂಡಿಯನ್ನು ಉಗುರಿನಷ್ಟೂ ಅಲ್ಲ, ಅದಕ್ಕಿಂತ ಕಡಿಮೆ ತಿರುಗಿಸಿದರೆ ಆ ಅಲೆ ಇನ್ನೂ ನಿಧಾನವಾಗಿ, ಇನ್ನೂ ನಿಧಾನವಾಗಿ, ಒಂದು ಹಂತದಲ್ಲಿ ನಿಂತೇ ಹೋಗುತ್ತೆ. ಎರಡು ಸ್ವರ ಒಂದಾಗೋ ಆ ಕ್ಷಣಕ್ಕೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತೆ.

ಸೆಟ್ ಶುರು ಮಾಡೋ ಕ್ರಮವನ್ನೂ ಬದಲಿಸಿದೆ. ಮೊದಲ ಹತ್ತು ನಿಮಿಷ ಸ್ವರವೇ ಇಲ್ಲ. ಡಿಫ್ಯಾಮ್‌ನ ಡ್ರಮ್, ಫಿಲ್ಟರ್‌ನಲ್ಲಿ ಹಾಯಿಸಿದ ನಾಯ್ಸ್, ಅಷ್ಟೇ. ಸ್ಟೇಜ್ ಲೈಟಿನ ಬಿಸಿಗೆ ಆಸಿಲೇಟರ್ ಹೊಂದಿಕೊಳ್ಳೋಕೆ ಸಮಯ ಸಿಗುತ್ತೆ, ನಾನು ಹೆಡ್‌ಫೋನ್‌ನಲ್ಲಿ ಕೇಳಿ ಸರಿ ಮಾಡ್ತಿರಬಹುದು. ಮಧ್ಯೆ ಒಂದು ಕಡೆ ಮತ್ತೆ ಬರೀ ತಾಳ ಉಳಿಸುತ್ತೇನೆ, ಅದೂ ಶ್ರುತಿ ನೋಡಿಕೊಳ್ಳೋಕೆ.

ಬೇರೆ ವಿಷಯ ಬೇಗ ಹೇಳಿಬಿಡ್ತೀನಿ. ಎಂಎಸ್-20 ವೋಲ್ಟ್‌ಗೆ ಸ್ಥಾಯಿಯ ಲೆಕ್ಕದಲ್ಲಿ ನಡೆಯಲ್ಲ, ಅದರದ್ದು ವೋಲ್ಟ್‌ಗೆ ಹರ್ಟ್ಜ್ ಲೆಕ್ಕ, ಹಾಗಾಗಿ ಅದಕ್ಕೆ ಸ್ವರವನ್ನು ಡಿಜಿಟಲ್ ಸಂಕೇತವಾಗಿ ಕಳಿಸೋ ಮಿಡಿ ಕೇಬಲ್ಲೇ ವಾಸಿ. ಅದರಲ್ಲಿ ಪ್ಯಾಚ್ (ಗುಂಡಿ, ತಂತಿಗಳ ಜೋಡಣೆ) ನೆನಪಿಡೋ ವ್ಯವಸ್ಥೆಯೂ ಇಲ್ಲ, ಫೋನಲ್ಲಿ ಫೋಟೋ ತೆಗೆದುಕೊಳ್ಳಿ. ಮಾಡ್ಯುಲರ್‌ನಿಂದ ಬರೋ ಸಿಗ್ನಲ್ ಮಿಕ್ಸರ್‌ಗೆ ತುಂಬಾ ಜೋರು, ಇಳಿಸಿಯೇ ಕೊಡಬೇಕು. ಜನರೇಟರ್ ಕರೆಂಟ್‌ನಲ್ಲಿ 50 ಹರ್ಟ್ಜ್‌ನ ಗುಂಯ್ ಸದ್ದು ಬಂದರೆ ಸಿಂಥ್ ಮತ್ತು ಮಿಕ್ಸರ್ ನಡುವೆ ಟ್ರಾನ್ಸ್‌ಫಾರ್ಮರ್ ಇರೋ ಡಿಐ ಬಾಕ್ಸ್ ಹಾಕಿ, ಅದರಲ್ಲಿ ಸಿಗ್ನಲ್ ತಂತಿಯ ಗ್ರೌಂಡ್ ಬಿಡಿಸೋ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಪವರ್ ಪ್ಲಗ್‌ನ ಅರ್ತ್ ಪಿನ್ ಮಾತ್ರ ಯಾವತ್ತೂ ಕೀಳಬೇಡಿ, ಜೀವಕ್ಕೇ ಅಪಾಯ.

"ಲ್ಯಾಪ್‌ಟಾಪ್‌ನಲ್ಲಿ ಇಷ್ಟೆಲ್ಲ ತಲೆನೋವು ಇಲ್ವಲ್ಲ" ಅಂತ ಕೇಳೋರು ಜಾಸ್ತಿ. ನಿಜ, ಇಲ್ಲ. ಆದರೆ 1982ರಲ್ಲಿ ಮುಂಬೈನಲ್ಲಿ ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಬೇಸ್ ಸಿಂಥ್ ಟಿಬಿ-303, ಡ್ರಮ್ ಯಂತ್ರ ಟಿಆರ್-808, ಸಿಂಥ್ ಜುಪಿಟರ್-8 ಇಟ್ಟುಕೊಂಡು ರಾಗಗಳನ್ನು ನುಡಿಸಿದ್ದು ಕೇಳಿ ನೋಡಿ. 303ರ ಸ್ಲೈಡ್‌ನಲ್ಲಿ ಸ್ವರದಿಂದ ಸ್ವರಕ್ಕೆ ಜಾರೋ ರೀತಿ ನಮ್ಮ ಕಿವಿಗೆ ಹೊಸದೇ ಅಲ್ಲ ಅಲ್ವಾ?

ಮರುವರ್ಷ ಡಿಸೆಂಬರ್‌ನಲ್ಲಿ ಅದೇ ಫೆಸ್ಟಿವಲ್‌ಗೆ ಮತ್ತೆ ಹೋದೆ. ಒಂಬತ್ತು ಗಂಟೆಗೇ ಸ್ಟೇಜ್ ಹಿಂದೆ ಪೆಟ್ಟಿಗೆ ಆನ್ ಮಾಡಿ, ಟವೆಲ್ ಹೊದಿಸಿ, ಪಕ್ಕದಲ್ಲೇ ಚಹಾ ಹಿಡಿದು ಕೂತಿದ್ದೆ. ಡ್ರಮ್ ಶುರುವಾಗಿ ಹತ್ತು ನಿಮಿಷದ ಮೇಲೆ ಸ ಬಿಟ್ಟೆ. ಆಮೇಲೆ ಪ. ಅಲೆ ಇರಲಿಲ್ಲ. ಮುಂದೆ ನಿಂತಿದ್ದವರಲ್ಲಿ ಕೆಲವರು ಕುಣಿಯೋದು ಬಿಟ್ಟು ಕಣ್ಣು ಮುಚ್ಚಿದ್ದರು, ನಾನೂ ಸ್ವಲ್ಪ ಹೊತ್ತು ಯಾವ ಗುಂಡಿಯನ್ನೂ ಮುಟ್ಟಲಿಲ್ಲ.